ಗಾರ್ಟರ್ ಪದವಿ ಮತ್ತು ಹತ್ತು ಲಕ್ಷ ಸಹಿ: ಟೋನಿ ಬ್ಲೇರ್ ಪ್ರಕರಣದ ಅಧ್ಯಯನ

2021ರ ಡಿಸೆಂಬರ್ 31ರಂದು ಬ್ರಿಟನ್ನಿನ ಅರಮನೆ ಹೊರಡಿಸಿದ ಪ್ರಕಟಣೆಯೊಂದರಲ್ಲಿ ಮೂರು ಹೆಸರುಗಳಿದ್ದವು. ಆಗ ಯುವರಾಜರಾಗಿದ್ದ ಚಾರ್ಲ್ಸರ ಪತ್ನಿ ಕಮಿಲಾ, ಹಿಂದೆ ಸಂಪುಟದಲ್ಲಿ ಸಚಿವೆಯಾಗಿದ್ದ ಬ್ಯಾರೊನೆಸ್ ವ್ಯಾಲೆರಿ ಏಮಸ್, ಹಾಗೂ ಮಾಜಿ ಪ್ರಧಾನಿ ಟೋನಿ ಬ್ಲೇರ್. ಈ ಮೂವರನ್ನೂ ರಾಣಿ ಎರಡನೇ ಎಲಿಜಬೆತ್ ಗಾರ್ಟರ್ ಪದವಿಗೆ ಸೇರಿಸಿಕೊಂಡಿದ್ದರು. ಬ್ರಿಟನ್ನಿನ ಕಪ್ಪು ಜನಾಂಗದವರೊಬ್ಬರು ಆ ಪದವಿಗೆ ಏರಿದ್ದು ಅದೇ ಮೊದಲ ಸಲವಾದ್ದರಿಂದ ಆ ದಿನದ ದೊಡ್ಡ ಸುದ್ದಿ ಏಮಸ್ ಅವರೇ ಆಗಬೇಕಿತ್ತು. ಹಾಗಾಗಲಿಲ್ಲ. ಬ್ಲೇರ್ ಅವರಿಗೆ ಕೊಟ್ಟದ್ದನ್ನು ಹಿಂಪಡೆಯಬೇಕೆಂದು ಮರುದಿನದಿಂದಲೇ ಸಹಿ ಸಂಗ್ರಹ ಶುರುವಾಯಿತು. ಹತ್ತು ದಿನ ಕಳೆಯುವುದರೊಳಗೆ ಆ ಸಹಿಗಳ ಸಂಖ್ಯೆ ಹತ್ತು ಲಕ್ಷ ದಾಟಿತು.

ರಾಜಕಾರಣಿಗಳಿಗೆ ಬಿರುದು, ಪದವಿ, ಪುರಸ್ಕಾರಗಳನ್ನು ಕೊಡಬೇಕೇ ಎಂಬ ಪ್ರಶ್ನೆಯನ್ನು ಎಲ್ಲ ದೇಶಗಳೂ ಒಂದಲ್ಲ ಒಂದು ಸಲ ಕೇಳಿಕೊಂಡಿವೆ. ಅದನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ, ಕೊಟ್ಟವರು ಯಾರು, ಪಡೆದವರು ಏನು ಮಾಡಿದ್ದರು, ಅದರಿಂದ ನೊಂದವರು ಯಾರು ಎಂಬುದೆಲ್ಲ ದಾಖಲೆಯಲ್ಲಿ ಸಿಗುವ ಒಂದೇ ಪ್ರಕರಣವನ್ನು ಹತ್ತಿರದಿಂದ ನೋಡುವುದು ಉಪಯುಕ್ತ ಎಂಬ ಕಾರಣಕ್ಕೆ ಈ ಬರಹ. ನನ್ನ ನಿಲುವನ್ನು ಮುಚ್ಚಿಟ್ಟು ಬರೆಯುತ್ತಿಲ್ಲ. ಬ್ಲೇರ್ ಅವರು ಒಳ್ಳೆಯ ಪ್ರಧಾನಿಯೋ ಕೆಟ್ಟ ಪ್ರಧಾನಿಯೋ ಎಂಬ ಜಗಳ ಇಲ್ಲಿ ಎರಡನೆಯದು. ಆಕ್ಷೇಪಿಸುವವರ ಮಾತನ್ನು ಕೇಳಿಸಿಕೊಳ್ಳುವ ಹೊಣೆ ಯಾರ ಮೇಲೂ ಇಲ್ಲದಂತಹ ದಾರಿಯಲ್ಲಿ ಆ ಗೌರವ ಬಂತು ಎಂಬುದೇ ಈ ಪ್ರಕರಣದ ತಿರುಳೆಂದು ನಾನು ನಂಬಿದ್ದೇನೆ.

ಗಾರ್ಟರ್ ಎಂದರೆ ಏನು

ಮೂರನೇ ಎಡ್ವರ್ಡ್ ದೊರೆ 1348ರಲ್ಲಿ ಸ್ಥಾಪಿಸಿದ ಗಾರ್ಟರ್, ಇಂಗ್ಲೆಂಡಿನ ನೈಟ್ ಪದವಿಗಳಲ್ಲೆಲ್ಲ ಹಳೆಯದು ಮತ್ತು ಹಿರಿಯದು. ದೊರೆ ಮತ್ತು ಯುವರಾಜರನ್ನು ಬಿಟ್ಟರೆ ಅದರಲ್ಲಿ ಏಕಕಾಲಕ್ಕೆ ಇರಬಹುದಾದ ಸಾಮಾನ್ಯ ಸದಸ್ಯರು 24 ಮಂದಿ ಮಾತ್ರ. ಒಬ್ಬರು ತೀರಿಕೊಂಡರೆ ಮಾತ್ರ ಇನ್ನೊಬ್ಬರಿಗೆ ಜಾಗ. ಪುರುಷ ಸದಸ್ಯರ ಹೆಸರಿನ ಹಿಂದೆ 'ಸರ್' ಸೇರುತ್ತದೆ. ವರ್ಷಕ್ಕೆ ಎರಡು ಸಲ ಪ್ರಕಟವಾಗುವ, ಸಾವಿರಕ್ಕೂ ಹೆಚ್ಚು ಹೆಸರುಗಳ ಪುರಸ್ಕಾರ ಪಟ್ಟಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಆ ಪಟ್ಟಿಯ ಹೆಸರುಗಳು ಸಮಿತಿಗಳ ಮುಂದೆ ಹೋಗಿ, ಪ್ರಧಾನಿಯ ಮೂಲಕ ಅರಮನೆಗೆ ತಲುಪುತ್ತವೆ. ಗಾರ್ಟರ್ ಹಾಗಲ್ಲ. ಪ್ರಧಾನಿಯ ಸಲಹೆಯಂತೆ ಅದನ್ನು ಕೊಡುವ ಪದ್ಧತಿ ಸುಮಾರು ಎರಡು ಶತಮಾನ ನಡೆದಿತ್ತು. 1946ರಲ್ಲಿ ಪ್ರಧಾನಿ ಕ್ಲೆಮೆಂಟ್ ಆಟ್ಲಿ ಮತ್ತು ಪ್ರತಿಪಕ್ಷದ ನಾಯಕ ವಿನ್‌ಸ್ಟನ್ ಚರ್ಚಿಲ್ ಒಪ್ಪಿ ಅದನ್ನು ಮತ್ತೆ ದೊರೆಯ ಸ್ವಂತ ಕೊಡುಗೆಯಾಗಿಸಿದರು. ಪಕ್ಷ ರಾಜಕೀಯದ ಕೈಯಿಂದ ಅದನ್ನು ಬಿಡಿಸುವುದು ಆ ನಿರ್ಧಾರದ ಉದ್ದೇಶವಾಗಿತ್ತು, ಅದು ಒಳ್ಳೆಯ ಉದ್ದೇಶವೇ. ಆದರೆ ಪಕ್ಷಗಳ ಕೈಯಿಂದ ಬಿಡಿಸಿದ ಅದೇ ಏಟಿಗೆ ಸಂಸತ್ತಿನ ಕೈಗೂ ಅದು ಸಿಗದಂತಾಯಿತು.

19ನೇ ಶತಮಾನದ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಅವರು ಗಾರ್ಟರ್ ತನಗೆ ಇಷ್ಟವೆಂದೂ, ಯೋಗ್ಯತೆಯೆಂಬ ಹಾಳು ಮಾತು ಅದರಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣವೆಂದೂ ಹೇಳಿದ್ದಾಗಿ ಪ್ರತೀತಿ. ಆ ಕಾಲದಲ್ಲಿ ಗಾರ್ಟರ್ ದೊಡ್ಡ ಮನೆತನಗಳ ಆಸ್ತಿಯಂತಿತ್ತು. ಯೋಗ್ಯತೆಯ ಪ್ರಶ್ನೆ ಯಾರೂ ಎತ್ತುತ್ತಿರಲಿಲ್ಲ. ಚುನಾಯಿತ ಪ್ರಧಾನಿಯೊಬ್ಬರ ಹೆಗಲ ಮೇಲೆ ಆ ನಿಲುವಂಗಿ ಬಿದ್ದಾಗ ಮಾತ್ರ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಜಮೆ ಮತ್ತು ಖರ್ಚು

ಬ್ಲೇರ್ 1997ರ ಮೇ 2ರಿಂದ 2007ರ ಜೂನ್ 27ರವರೆಗೆ ಪ್ರಧಾನಿಯಾಗಿದ್ದರು. ಮೂರು ಸಾರ್ವತ್ರಿಕ ಚುನಾವಣೆಗಳನ್ನು ಸಾಲಾಗಿ ಗೆದ್ದರು. ಮೂವತ್ತು ವರ್ಷ ರಕ್ತ ಹರಿದಿದ್ದ ಉತ್ತರ ಐರ್ಲೆಂಡಿನಲ್ಲಿ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ ಆದದ್ದು ಅವರ ಕಾಲದಲ್ಲಿ, ಅವರೂ ಮಾತುಕತೆಯ ಮೇಜಿನಲ್ಲಿ ಕುಳಿತು ದುಡಿದ ಫಲವಾಗಿ. ಬ್ರಿಟನ್ನಿನಲ್ಲಿ ರಾಷ್ಟ್ರಮಟ್ಟದ ಕನಿಷ್ಠ ವೇತನ ಮೊದಲ ಬಾರಿಗೆ ಜಾರಿಗೆ ಬಂದದ್ದು 1999ರಲ್ಲಿ. ಸ್ಕಾಟ್ಲೆಂಡ್ ತನ್ನ ಸಂಸತ್ತನ್ನು, ವೇಲ್ಸ್ ತನ್ನ ಶಾಸನಸಭೆಯನ್ನು ಪಡೆದದ್ದೂ ಅದೇ ಕಾಲದಲ್ಲಿ. ಇವಿಷ್ಟನ್ನೇ ನೋಡಿದರೆ ಯಾರೂ ತಕರಾರು ತೆಗೆಯುವುದು ಕಷ್ಟ, ನಾನೂ ತೆಗೆಯುವುದಿಲ್ಲ.

ಇನ್ನೊಂದು ಪುಟದಲ್ಲಿ ಇರಾಕ್ ಇದೆ. 2003ರ ಮಾರ್ಚ್ 18ರಂದು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ 149ರ ವಿರುದ್ಧ 412 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಯಾವ ಸಾಮೂಹಿಕ ನಾಶದ ಅಸ್ತ್ರಗಳನ್ನು ತೋರಿಸಿ ಆ ಒಪ್ಪಿಗೆ ಪಡೆಯಲಾಯಿತೋ ಅವು ಅಲ್ಲಿ ಸಿಗಲಿಲ್ಲ. ಬ್ರಿಟನ್ನಿನ 179 ಸೈನಿಕರು ಅಲ್ಲಿ ಮಡಿದರು. ಸರ್ ಜಾನ್ ಚಿಲ್ಕಾಟ್ ಅಧ್ಯಕ್ಷತೆಯ ವಿಚಾರಣಾ ಸಮಿತಿ ಏಳು ವರ್ಷ ಕೆಲಸ ಮಾಡಿ 2016ರ ಜುಲೈ 6ರಂದು ಪ್ರಕಟಿಸಿದ, 26 ಲಕ್ಷ ಪದಗಳ ವರದಿಯ ಪ್ರಕಾರ 2009ರ ಜುಲೈ ಹೊತ್ತಿಗೆ ಸತ್ತ ಇರಾಕಿಗಳ ಸಂಖ್ಯೆ ಕನಿಷ್ಠ ಒಂದೂವರೆ ಲಕ್ಷ, ಅವರಲ್ಲಿ ಹೆಚ್ಚಿನವರು ನಾಗರಿಕರು. ಶಾಂತಿಯುತ ದಾರಿಗಳು ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕಿಳಿಯಿತು, ಸೈನಿಕ ಕಾರ್ಯಾಚರಣೆ ಆಗ ಕೊನೆಯ ಉಪಾಯವಾಗಿರಲಿಲ್ಲ, ಅದಕ್ಕೆ ಕಾನೂನಿನ ಆಧಾರವಿದೆಯೆಂದು ತೀರ್ಮಾನಿಸಿದ ರೀತಿ ಸಮಾಧಾನಕರವಾಗಿರಲಿಲ್ಲ ಎಂದು ವರದಿ ಹೇಳಿತು. 2002ರ ಜುಲೈನಲ್ಲೇ ಬ್ಲೇರ್ ಅವರು ಅಮೆರಿಕದ ಅಧ್ಯಕ್ಷ ಬುಷ್ ಅವರಿಗೆ, ಏನೇ ಆಗಲಿ ನಿಮ್ಮೊಂದಿಗಿರುತ್ತೇನೆ ಎಂದು ಬರೆದ ಟಿಪ್ಪಣಿಯೂ ಆಗ ಬೆಳಕಿಗೆ ಬಂತು.

ಆ ವಿಚಾರಣೆಯ ಒಂದು ದಿನವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 2010ರ ಜನವರಿ 29ರಂದು ಬ್ಲೇರ್ ಸುಮಾರು ಆರು ಗಂಟೆ ಸಾಕ್ಷ್ಯ ನುಡಿದರು. ಮಡಿದ ಸೈನಿಕರ ಬಂಧುಗಳಲ್ಲಿ ಕೆಲವರು ಅದೇ ಸಭಾಂಗಣದ ಸಾರ್ವಜನಿಕ ಆಸನಗಳಲ್ಲಿ ಕುಳಿತು ಕೇಳಿಸಿಕೊಂಡರು. ಕಡೆಯಲ್ಲಿ ಚಿಲ್ಕಾಟ್, ವಿಷಾದವೇನಾದರೂ ಉಂಟೇ ಎಂದು ಕೇಳಿದಾಗ, ಹೊಣೆಯಿದೆ, ಆದರೆ ಸದ್ದಾಂ ಹುಸೇನನನ್ನು ಕೆಳಗಿಳಿಸಿದ್ದಕ್ಕೆ ವಿಷಾದವಿಲ್ಲ ಎಂದರು. ಸಭೆಯಲ್ಲಿ ಕೂಗು ಎದ್ದಿತು. ಮರುವರ್ಷ ಜನವರಿಯಲ್ಲಿ ಮತ್ತೆ ಕರೆಸಿದಾಗ, ಜೀವಹಾನಿಯ ಬಗ್ಗೆ ತನಗೆ ಆಳವಾದ ವಿಷಾದವಿದೆ ಎಂದು ಸೇರಿಸಿದರು; ಬಂಧುಗಳ ಸಾಲಿನಿಂದ ಬಂದ ಉತ್ತರ, 'ತಡವಾಯಿತು' ಎಂದು. ಆ ವಿಚಾರಣೆಯಲ್ಲಿ, ಮಗನನ್ನು ಕಳೆದುಕೊಂಡವರಿಗೆ ಅಂದಿನ ಪ್ರಧಾನಿಯ ಮುಖ ನೋಡುತ್ತ ಒಂದು ಮಾತು ಆಡಲು ಸಿಕ್ಕ ಅವಕಾಶ ಅಷ್ಟೇ. ಅದೂ ಸಭಾನಿಯಮಕ್ಕೆ ವಿರುದ್ಧವಾಗಿ.

ಚಿಲ್ಕಾಟ್ ಸಮಿತಿ ನ್ಯಾಯಾಲಯವಾಗಿರಲಿಲ್ಲ, ಯಾರನ್ನೂ ಅಪರಾಧಿಯೆಂದು ಹೇಳುವ ಅಧಿಕಾರ ಅದಕ್ಕಿರಲಿಲ್ಲ; ಯುದ್ಧ ಕಾನೂನುಬದ್ಧವೋ ಅಲ್ಲವೋ ಎಂದು ಅದು ತೀರ್ಪು ಕೊಡಲಿಲ್ಲ. ಇರಾಕಿನ ಮಾಜಿ ಸೇನಾಧಿಕಾರಿಯೊಬ್ಬರು ಖಾಸಗಿ ಮೊಕದ್ದಮೆ ಹೂಡಲು ಹೊರಟಾಗ, ಆಕ್ರಮಣವೆಂಬ ಅಪರಾಧ ಇಂಗ್ಲೆಂಡಿನ ಕಾನೂನಿನಲ್ಲೇ ಇಲ್ಲವೆಂದು ಹೈಕೋರ್ಟ್ 2017ರ ಜುಲೈನಲ್ಲಿ ಅದನ್ನು ತಳ್ಳಿಹಾಕಿತು. ಹೀಗಾಗಿ ಬ್ಲೇರ್ ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿಲ್ಲ ಎಂಬುದನ್ನು ಅವರ ಟೀಕಾಕಾರರು ಮರೆಯಬಾರದು. ಯಾವ ಪೀಠವೂ ಅವರನ್ನು ನಿರ್ದೋಷಿಯೆಂದೂ ಸಾರಿಲ್ಲ ಎಂಬುದನ್ನು ಅವರ ಬೆಂಬಲಿಗರು ಮರೆಯಬಾರದು. ಲೆಕ್ಕ ಇತ್ಯರ್ಥವಾಗದೆ ಬಾಕಿ ಇರುವಾಗಲೇ ಪದವಿ ಬಂತು.

ವಿಳಾಸವಿಲ್ಲದ ಅರ್ಜಿ

ಸಹಿ ಸಂಗ್ರಹವಾದದ್ದು ಒಂದು ಖಾಸಗಿ ಜಾಲತಾಣದಲ್ಲಿ. ಬ್ರಿಟಿಷ್ ಸಂಸತ್ತಿಗೆ ತನ್ನದೇ ಅರ್ಜಿ ತಾಣವಿದೆ; ಅಲ್ಲಿ ಲಕ್ಷ ಸಹಿ ಬಂದರೆ ವಿಷಯವನ್ನು ಚರ್ಚೆಗೆ ಪರಿಗಣಿಸುತ್ತಾರೆ. ಆದರೆ ಪುರಸ್ಕಾರ ಮತ್ತು ನೇಮಕಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ ಎಂಬುದು ಆ ತಾಣದ ನಿಯಮ. ಹತ್ತು ಲಕ್ಷ ಜನ ಸಂಸತ್ತಿನ ಬಾಗಿಲು ಬಿಟ್ಟು ಬೇರೆಡೆ ಸೇರಲು ಕಾರಣ ಇದು. ಅವರ ಮನವಿಯಾದರೂ ಏನು? ಪದವಿಯನ್ನು ಹಿಂಪಡೆಯುವಂತೆ ಪ್ರಧಾನಿಯವರು ರಾಣಿಯನ್ನು ಕೋರಬೇಕು ಎಂದು. 1946ರಿಂದ ಪ್ರಧಾನಿಗೆ ಗಾರ್ಟರ್ ವಿಷಯದಲ್ಲಿ ಸಲಹೆ ಕೊಡುವ ಪಾತ್ರವೇ ಇಲ್ಲ. ರಾಣಿ ಬಹಿರಂಗವಾಗಿ ಕಾರಣ ಹೇಳುವವರಾಗಿರಲಿಲ್ಲ, ಹೇಳಬೇಕೆಂದು ಅವರನ್ನು ಕೇಳುವ ಪದ್ಧತಿಯೂ ಇರಲಿಲ್ಲ. ಹೀಗೆ ಹತ್ತು ಲಕ್ಷ ಸಹಿಗಳ ಆ ಅರ್ಜಿ, ತೆಗೆದುಕೊಳ್ಳುವ ಕೈಯೇ ಇಲ್ಲದೆ ನಿಂತಿತು.

ಜಾಲತಾಣದ ಸಹಿಗಳನ್ನು ಜನಮತವೆಂದು ಲೆಕ್ಕ ಹಾಕುವುದು ಸರಿಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೇ ವಾರ ಯೂಗವ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಬ್ಲೇರ್ ಅವರಿಗೆ ಪದವಿ ಕೊಟ್ಟದ್ದನ್ನು ಒಪ್ಪಿದವರು ಶೇ 14, ಒಪ್ಪದವರು ಶೇ 63. ಮೂರು ಸಲ ಬಹುಮತ ಗೆದ್ದ ನಾಯಕನ ವಿಷಯದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಆದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಅಂಕಿಗಳಿಗಿಂತ ಒಂದು ಚಿಕ್ಕ ಬೆಳ್ಳಿಯ ವಸ್ತು. ಕರ್ತವ್ಯದಲ್ಲಿ ಮಡಿದ ಸೈನಿಕರ ಹತ್ತಿರದ ಬಂಧುಗಳಿಗೆ ಕೊಡಲೆಂದು ರಾಣಿ 2009ರಲ್ಲಿ 'ಎಲಿಜಬೆತ್ ಕ್ರಾಸ್' ಎಂಬ ಶಿಲುಬೆಯನ್ನು ಜಾರಿಗೆ ತಂದರು. ಅದರ ನಾಲ್ಕು ತೋಳುಗಳಲ್ಲಿ ಗುಲಾಬಿ, ಥಿಸಲ್, ಶ್ಯಾಮ್ರಾಕ್, ಡ್ಯಾಫೊಡಿಲ್‌ಗಳ ಕೆತ್ತನೆ. ಹಿಂಬದಿಯಲ್ಲಿ ಸತ್ತವರ ಹೆಸರು. ಬ್ಲೇರ್ ಅವರ ಪದವಿಯ ಸುದ್ದಿ ಬಂದಾಗ, ತಮ್ಮ ಬಳಿಯಿರುವ ಈ ಶಿಲುಬೆಯನ್ನು ಹಿಂತಿರುಗಿಸುವುದಾಗಿ ಕೆಲವು ತಾಯಂದಿರು ಹೇಳಿದರೆಂದು ಬ್ರಿಟಿಷ್ ಪತ್ರಿಕೆಗಳು ವರದಿ ಮಾಡಿದವು. ಬೆನ್ನ ಮೇಲೆ ಮಗನ ಹೆಸರು ಕೆತ್ತಿದ ಬೆಳ್ಳಿಯನ್ನು ತಾಯಿಯೊಬ್ಬಳು ವಾಪಸು ಕೊಡುತ್ತೇನೆನ್ನುವುದು ಕೋಪದಲ್ಲಿ ಆಡಿ ಮರೆಯುವ ಮಾತಲ್ಲ. ಮಗನನ್ನು ಯುದ್ಧಕ್ಕೆ ಕಳಿಸಿದವರಿಗೂ ಮಗನನ್ನು ಕಳೆದುಕೊಂಡವಳಿಗೂ ಒಂದೇ ಕೈ ಗೌರವ ಕೊಟ್ಟಾಗ, ಆ ಎರಡು ಗೌರವಗಳನ್ನು ಒಂದೇ ತಕ್ಕಡಿಯಲ್ಲಿಡಲು ಅವಳು ನಿರಾಕರಿಸಿದಳು. ಪುರಸ್ಕಾರ ವ್ಯವಸ್ಥೆಯ ಒಳಗಿದ್ದವರೇ ಅದರ ಮೇಲಿನ ನಂಬಿಕೆ ಕಳೆದುಕೊಂಡದ್ದಕ್ಕೆ ಇದಕ್ಕಿಂತ ಗಂಭೀರ ಸಾಕ್ಷ್ಯ ನನಗೆ ಕಾಣುತ್ತಿಲ್ಲ.

ಸಮರ್ಥನೆಗಳು, ಮತ್ತು ಅವು ಒಂದಕ್ಕೊಂದು ಕೂಡದಿರುವುದು

ಪದವಿಯನ್ನು ಸಮರ್ಥಿಸಿದವರಲ್ಲಿ ಇಬ್ಬರ ಮಾತು ಮುಖ್ಯ. ಕಾಮನ್ಸ್ ಸಭೆಯ ಸ್ಪೀಕರ್ ಸರ್ ಲಿಂಡ್ಸೆ ಹಾಯ್ಲ್ ಅವರು, ಪ್ರಧಾನಿಯ ಕೆಲಸ ಜಗತ್ತಿನ ಅತಿ ಕಠಿಣ ಕೆಲಸಗಳಲ್ಲೊಂದು, ಆದ್ದರಿಂದ ಮಾಜಿ ಪ್ರಧಾನಿಗಳಿಗೆಲ್ಲ ನೈಟ್ ಪದವಿ ಸಲ್ಲಬೇಕು ಎಂದರು. ಆಗ ಪ್ರತಿಪಕ್ಷದ ನಾಯಕರಾಗಿದ್ದ ಸರ್ ಕೀರ್ ಸ್ಟಾರ್ಮರ್ ಅವರು, ಬ್ಲೇರ್ ಮಾಡಿದ ಕೆಲಸಕ್ಕೆ ಇದು ಸಲ್ಲತಕ್ಕದ್ದೇ ಎಂದರು.

ಎರಡೂ ಒಂದೇ ಮಾತಿನಂತೆ ಕೇಳಿಸುತ್ತವೆ, ಆದರೆ ಅಲ್ಲ. ಹಾಯ್ಲ್ ಅವರ ಪ್ರಕಾರ ಹುದ್ದೆಯಲ್ಲಿ ಇದ್ದದ್ದೇ ಅರ್ಹತೆ. ಏನು ಮಾಡಿದರೆಂದು ಕೇಳಬೇಕಾಗಿಲ್ಲ. ಹಾಗಾದರೆ ಅದು ನಿವೃತ್ತಿ ವೇತನದ ಹಾಗೆ, ಮೆಚ್ಚುಗೆಯ ಪ್ರಶ್ನೆ ಅದರಲ್ಲಿಲ್ಲ. ಸ್ಟಾರ್ಮರ್ ಅವರ ಪ್ರಕಾರ ಕೆಲಸವನ್ನು ತೂಗಿ ನೋಡಿ ಕೊಟ್ಟ ಮನ್ನಣೆ ಅದು. ಹಾಗಾದರೆ ತೂಗಿದವರು ಯಾರು, ತಟ್ಟೆಯಲ್ಲಿ ಇರಾಕನ್ನು ಇಟ್ಟಿದ್ದರೇ, ಎಂದು ಕೇಳುವ ಹಕ್ಕು ಜನರಿಗಿದೆ. 'ಯಾಕೆ ಕೊಟ್ಟಿರಿ' ಎಂದಾಗ ವಾಡಿಕೆಯನ್ನು ಮುಂದೆ ಮಾಡಿ, 'ವಾಡಿಕೆಯಾದರೆ ಅದಕ್ಕೇನು ಬೆಲೆ' ಎಂದಾಗ ಯೋಗ್ಯತೆಯನ್ನು ಮುಂದೆ ಮಾಡುವುದು ಪ್ರಾಮಾಣಿಕ ಉತ್ತರವಲ್ಲ. ಆ ಜನವರಿಯುದ್ದಕ್ಕೂ ಸಮರ್ಥನೆ ನಡೆದದ್ದು ಹೀಗೇ.

ಇನ್ನು, ವಾಡಿಕೆ ಅಷ್ಟು ಗಟ್ಟಿಯಾಗಿದೆಯೇ? ಮಾಜಿ ಪ್ರಧಾನಿಗಳಲ್ಲಿ ಆಟ್ಲಿ 1956ರಲ್ಲಿ, ವಿಲ್ಸನ್ 1976ರಲ್ಲಿ, ಕ್ಯಾಲಹನ್ 1987ರಲ್ಲಿ, ಹೀತ್ 1992ರಲ್ಲಿ, ಥ್ಯಾಚರ್ 1995ರಲ್ಲಿ, ಮೇಜರ್ 2005ರಲ್ಲಿ ಗಾರ್ಟರ್ ಪಡೆದದ್ದು ನಿಜ. ಆದರೆ ಮ್ಯಾಕ್‌ಮಿಲನ್ ಅದನ್ನು ಪಡೆಯಲಿಲ್ಲ. ಅವರು 1984ರಲ್ಲಿ ಅರ್ಲ್ ಎಂಬ ವಂಶಪಾರಂಪರ್ಯ ಬಿರುದು ಪಡೆದರು. ಬ್ಲೇರ್ ಅವರ ನಂತರದ ಗಾರ್ಡನ್ ಬ್ರೌನ್ ಅವರಿಗೆ 2024ರಲ್ಲಿ ಸಂದದ್ದು 'ಕಂಪ್ಯಾನಿಯನ್ ಆಫ್ ಆನರ್', ಅದಕ್ಕೆ 'ಸರ್' ಸೇರುವುದಿಲ್ಲ. ಎಲ್ಲಕ್ಕಿಂತ ಗಮನಿಸಬೇಕಾದದ್ದು ಚರ್ಚಿಲ್. ಯುದ್ಧ ಗೆದ್ದರೂ 1945ರ ಚುನಾವಣೆ ಸೋತಾಗ ದೊರೆ ಆರನೇ ಜಾರ್ಜ್, ಚರ್ಚಿಲ್ ಅವರಿಗೆ ಗಾರ್ಟರ್ ಕೊಡಲು ಬಯಸಿದರು, ಚರ್ಚಿಲ್ ಒಪ್ಪಲಿಲ್ಲ. ಜನ ತನ್ನನ್ನು ಹೊರಹಾಕಿದ ಹೊತ್ತಿನಲ್ಲಿ ದೊರೆಯಿಂದ ಬಹುಮಾನ ತೆಗೆದುಕೊಳ್ಳುವುದು ಸರಿಯಲ್ಲ ಎಂಬ ಅಳುಕು ಅವರಿಗಿತ್ತು. 1953ರಲ್ಲಿ, ಜನರೇ ಮತ್ತೆ ಅಧಿಕಾರಕ್ಕೆ ತಂದ ಮೇಲೆ, ಸ್ವೀಕರಿಸಿದರು. ಚುನಾಯಿತ ನಾಯಕನಿಗೆ ಮೊದಲ ಗೌರವ ಯಾರಿಂದ ಬರಬೇಕೆಂಬುದರ ಅರಿವು ಆ ನಡೆಯಲ್ಲಿತ್ತು.

ಹುದ್ದೆಯ ಲೆಕ್ಕದಲ್ಲಿ ಗೌರವ ಹಂಚಿದರೆ ಬಿಟ್ಟುಹೋಗುವವರು ಯಾರೆಂಬುದನ್ನೂ ನೋಡಬೇಕು. ಬ್ಲೇರ್ ಸಂಪುಟದಲ್ಲಿದ್ದ ರಾಬಿನ್ ಕುಕ್ 2003ರ ಮಾರ್ಚ್ 17ರಂದು, ಯುದ್ಧದ ಮತದಾನಕ್ಕೆ ಒಂದು ದಿನ ಮೊದಲು, ರಾಜೀನಾಮೆ ಕೊಟ್ಟರು. ಇರಾಕಿನ ಬಳಿ ಸಾಮೂಹಿಕ ನಾಶದ ಅಸ್ತ್ರಗಳು, ಆ ಪದದ ಸಾಮಾನ್ಯ ಅರ್ಥದಲ್ಲಿ, ಬಹುಶಃ ಇಲ್ಲ ಎಂದು ಅಂದೇ ಸದನದಲ್ಲಿ ಹೇಳಿದರು. ಚಪ್ಪಾಳೆ ತಟ್ಟುವ ರೂಢಿಯಿಲ್ಲದ ಆ ಸದನದಲ್ಲಿ ಕೆಲವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಎರಡು ವರ್ಷದಲ್ಲಿ ಕುಕ್ ತೀರಿಕೊಂಡರು. ಯಾವ ಬಿರುದೂ ಅವರ ಹೆಸರಿಗೆ ಅಂಟಲಿಲ್ಲ.

ಈ ವ್ಯವಸ್ಥೆಯ ಹಿಂದಿನ ಇತಿಹಾಸವೂ ಅನುಮಾನಕ್ಕೆ ಆಸ್ಪದ ಕೊಡುವಂಥದ್ದೇ. ಪ್ರಧಾನಿ ಲಾಯ್ಡ್ ಜಾರ್ಜ್ ಕಾಲದಲ್ಲಿ ನೈಟ್ ಪದವಿಗೆ ಸುಮಾರು 10,000 ಪೌಂಡ್ ದರವಿತ್ತು. ಆ ಹಗರಣದ ಫಲವಾಗಿ ಪದವಿ ಮಾರುವುದನ್ನು ಅಪರಾಧವಾಗಿಸುವ ಕಾಯಿದೆ 1925ರಲ್ಲಿ ಬಂತು. ಪಕ್ಷಕ್ಕೆ ಸಾಲ ಕೊಟ್ಟವರನ್ನು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಸೂಚಿಸಿದ ಆರೋಪದ ತನಿಖೆಯಲ್ಲಿ 2006ರ ಡಿಸೆಂಬರ್ 14ರಂದು ಪೊಲೀಸರು ಅಧಿಕಾರದಲ್ಲಿದ್ದ ಪ್ರಧಾನಿಯನ್ನೇ ಸಾಕ್ಷಿಯಾಗಿ ಪ್ರಶ್ನಿಸಿದರು, ಮತ್ತು ಆ ಪ್ರಧಾನಿ ಬ್ಲೇರ್. ಮರುವರ್ಷ ಯಾರ ಮೇಲೂ ಮೊಕದ್ದಮೆ ಹೂಡದೆ ಪ್ರಕರಣ ಮುಗಿಯಿತು. ಕೊಟ್ಟದ್ದನ್ನು ಹಿಂಪಡೆದ ಉದಾಹರಣೆಗಳೂ ಇವೆ: ರೊಮೇನಿಯಾದ ಚೌಷೆಸ್ಕು ಅವರ ಗೌರವ ನೈಟ್ ಪದವಿಯನ್ನು 1989ರ ಡಿಸೆಂಬರಿನಲ್ಲಿ, ಜಿಂಬಾಬ್ವೆಯ ಮುಗಾಬೆ ಅವರದನ್ನು 2008ರಲ್ಲಿ ಕಿತ್ತುಕೊಳ್ಳಲಾಯಿತು. ಇಬ್ಬರೂ ಹೊರದೇಶದವರು, ಇಬ್ಬರ ಹೆಸರೂ ಜಗತ್ತಿನ ಕಣ್ಣಲ್ಲಿ ಪೂರ್ತಿ ಕೆಟ್ಟ ಮೇಲೆ.

ನಮ್ಮ ಕಡೆಯಿಂದ ನೋಡಿದಾಗ

ಕನ್ನಡಿಗರಿಗೆ ಬ್ರಿಟಿಷರ 'ಸರ್' ಹೊಸದಲ್ಲ. ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಕೆ.ಸಿ.ಐ.ಇ. ಎಂಬ ನೈಟ್ ಪದವಿ ಬಂತು; ಸರ್ ಎಂ.ವಿ. ಎಂದೇ ನಾವು ಇಂದಿಗೂ ಅವರನ್ನು ಕರೆಯುತ್ತೇವೆ, ಸರ್ ಮಿರ್ಜಾ ಎಂದು ಇಸ್ಮಾಯಿಲ್ ಅವರನ್ನು ಕರೆಯುವ ಹಾಗೆ. ಮಂಡ್ಯದ ರೈತನ ಬಾಯಲ್ಲಿ ಆ 'ಸರ್'ಗೆ ತೂಕ ಬಂದದ್ದು ಕನ್ನಂಬಾಡಿ ಕಟ್ಟೆಯಿಂದ. ಲಂಡನ್ನಿನ ಗೆಜೆಟ್ಟನ್ನು ಅವನು ನೋಡಿಯೇ ಇಲ್ಲ. ಸ್ವತಂತ್ರ ಭಾರತದ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು; ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೂ ರಾಜಕಾರಣಿಗಳಿಗೆ ಕೊಡುವ ಪ್ರಶ್ನೆ ನಮ್ಮಲ್ಲೂ ಜೀವಂತವಾಗಿದೆ. ಲಂಡನ್ನಿನಲ್ಲಿ ಸಹಿಗಳು ಸೇರುತ್ತಿದ್ದ 2022ರ ಅದೇ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮಾಜಿ ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯ ಅವರು ಪದ್ಮಭೂಷಣವನ್ನು ಬೇಡವೆಂದರು. ಮರುವರ್ಷ ನಮ್ಮ ಎಸ್.ಎಂ. ಕೃಷ್ಣ ಅವರಿಗೆ ಪದ್ಮವಿಭೂಷಣ ಬಂದಾಗ ಅವರು ಸ್ವೀಕರಿಸಿದರು.

ಏನಾಗಬಹುದಿತ್ತು

ರಾಜಕಾರಣಿಗಳಿಗೆ ಎಂದೂ ಯಾವ ಗೌರವವನ್ನೂ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಬೀದಿಯಲ್ಲಿ ಮಕ್ಕಳು ಬಾಂಬಿನ ಭಯವಿಲ್ಲದೆ ಶಾಲೆಗೆ ಹೋಗುವಂತಾದದ್ದಕ್ಕೆ ದುಡಿದವರಿಗೆ ಕೃತಜ್ಞತೆ ಹೇಳುವುದು ನಾಗರಿಕ ಸಮಾಜದ ಲಕ್ಷಣ. ಆದರೆ ಅದನ್ನು ಆ ಹೆಸರಿನಲ್ಲೇ ಹೇಳಬೇಕು. 'ಉತ್ತರ ಐರ್ಲೆಂಡಿನ ಶಾಂತಿಗಾಗಿ' ಎಂದು ಒಂದು ಸಾಲಿನ ಕಾರಣ ಬರೆದು ಕೊಟ್ಟಿದ್ದರೆ, ಅದನ್ನು ಒಪ್ಪುವ, ಒಪ್ಪದಿರುವ ಸ್ಪಷ್ಟ ನೆಲೆಯೊಂದು ಜನರಿಗೆ ಸಿಗುತ್ತಿತ್ತು. ಚಿಲ್ಕಾಟ್ ವರದಿಯಂಥ ಅಧಿಕೃತ ದಾಖಲೆ ಎದುರಿಗಿರುವಾಗ, ಅದನ್ನು ಓದಿ ಪರಿಗಣಿಸಿದ್ದೇವೆ ಎಂದು ಹೇಳುವ ಹೊಣೆ ಕೊಡುವವರ ಮೇಲಿರುತ್ತಿತ್ತು. ಆಕ್ಷೇಪಗಳನ್ನು ಬರಹದಲ್ಲಿ ಸ್ವೀಕರಿಸಿ ಬರಹದಲ್ಲಿ ಉತ್ತರಿಸುವ ಒಂದು ಕಚೇರಿ ಇದ್ದಿದ್ದರೆ ಆ ತಾಯಂದಿರ ಪತ್ರವೂ ಅಲ್ಲಿಗೆ ಹೋಗುತ್ತಿತ್ತು. ಗಾರ್ಟರ್ ದೊರೆಯ ಸ್ವಂತ ಕೊಡುಗೆಯಾಗಿಯೇ ಇರಬೇಕೆಂದಾದರೆ, ಚುನಾವಣೆಗೆ ನಿಂತು ಅಧಿಕಾರ ನಡೆಸಿದವರನ್ನು ಅದರಿಂದ ಹೊರಗಿಡುವುದೇ ಲೇಸು; ಯಾಕೆಂದರೆ ಅವರ ಲೆಕ್ಕ ಇರುವುದು ಜನರೊಂದಿಗೆ, ದೊರೆಗೆ ಆ ಲೆಕ್ಕದ ಪುಸ್ತಕದಲ್ಲಿ ಬರೆಯುವ ಅಧಿಕಾರವಿಲ್ಲ.

ಪದವಿ ಪ್ರದಾನ ನಡೆದದ್ದು 2022ರ ಜೂನ್ 13ರಂದು, ವಿಂಡ್ಸರ್ ಕೋಟೆಯಲ್ಲಿ. ವಯೋಸಹಜ ತೊಂದರೆಯಲ್ಲಿದ್ದ ರಾಣಿ ಒಳಗಿನ ವಿಧಿಗೆ ಬಂದರು, ಹೊರಗಿನ ಮೆರವಣಿಗೆಗೆ ಬರಲಿಲ್ಲ. ಕಡುನೀಲಿ ಮಖಮಲ್ಲಿನ ನಿಲುವಂಗಿ ತೊಟ್ಟು, ಬಿಳಿ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿದ ಕಪ್ಪು ಟೋಪಿಯಲ್ಲಿ ಬ್ಲೇರ್, ಉಳಿದ ಸದಸ್ಯರೊಂದಿಗೆ ಕೋಟೆಯ ಇಳಿಜಾರಿನಲ್ಲಿ ಸಂತ ಜಾರ್ಜರ ಪ್ರಾರ್ಥನಾ ಮಂದಿರದತ್ತ ನಡೆದರು. ಕೋಟೆಯ ಗೋಡೆಯಾಚೆ ಯುದ್ಧವಿರೋಧಿ ಸಂಘಟನೆಯವರು ಫಲಕ ಹಿಡಿದು ಕೂಗುತ್ತಿದ್ದರು. ಅವರ ಬಳಿ ಮನವಿ ಪತ್ರವಿದ್ದಿದ್ದರೂ ಅದನ್ನು ಅಂದು ಅಲ್ಲಿ ಯಾರ ಕೈಗೆ ಕೊಡಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ.